ಕಾರ್ಖಾನೆಯಲ್ಲಿ ಕೈ ಸಿಕ್ಕಿತು, ದವಾಖಾನೆಗೆ ಓಡಾಡಿದ ಬಸ್ ಚಾರ್ಜ್ ಯಾರು ಕೊಡಬೇಕು?

ಹೊಂಗಲದ ಅಕ್ಕ | 8 ಜೂನ್ 2025

ಎಲ್ಲರಿಗೂ ನಮಸ್ಕಾರ. ನಾವು ಬೈಲಹೊಂಗಲ ತಾಲೂಕಿನ ಒಂದು ಹಳ್ಳಿಯವರು. ನಮ್ಮ ಮನೆಯವರು ಬೆಳಗಾವಿಯ ಒಂದು ವರ್ಕ್‌ಶಾಪ್‌ನಲ್ಲಿ ಪವರ್ ಪ್ರೆಸ್ ಮೇಲೆ ಕೆಲಸ ಮಾಡುತ್ತಾರೆ. ಏಳು ವರ್ಷ ಆಯ್ತು. ಫೆಬ್ರವರಿಯಲ್ಲಿ ರಾತ್ರಿ ಪಾಳಿಯಲ್ಲಿದ್ದಾಗ ಬಲಗೈ ಪ್ರೆಸ್ಸಿನ ಡೈ (ಅಚ್ಚು) ಕೆಳಗೆ ಸಿಕ್ಕಿತು. ತೋರುಬೆರಳು, ನಡುಬೆರಳು ಎರಡೂ ಜಜ್ಜಿ ಹೋದವು. ಮಾಲಕರೇ ತಮ್ಮ ಕಾರಿನಲ್ಲಿ ಹಾಕಿಕೊಂಡು ಒಂದು ಖಾಸಗಿ ದವಾಖಾನೆಗೆ ಸೇರಿಸಿದರು. ಆಪರೇಷನ್ ಬಿಲ್ ಕಟ್ಟಿದರು. ಅದನ್ನು ಇಲ್ಲ ಅನ್ನುವುದಿಲ್ಲ.

ಆಮೇಲಿನ ಕತೆಯೇ ಬೇರೆ. ಮೊದಲು ಇವರು ನಾಲ್ಕು ಜನರ ಜೊತೆ ಬೆಳಗಾವಿಯಲ್ಲೇ ರೂಮ್ ಮಾಡಿಕೊಂಡಿದ್ದರು. ಒಂದು ಕೈಯಲ್ಲಿ ಅಂಗಿ ಗುಂಡಿ ಹಾಕೋಕೂ ಆಗೋದಿಲ್ಲ. ರೂಮಿನಲ್ಲಿ ಯಾರು ನೋಡಿಕೊಳ್ಳುತ್ತಾರೆ? ಊರಿಗೆ ಕರೆದುಕೊಂಡು ಬಂದೆ. ಡ್ರೆಸ್ಸಿಂಗ್‌ಗೆ 5 ಸಲ, ಫಿಸಿಯೋಥೆರಪಿಗೆ ವಾರಕ್ಕೆ 3 ಸಲದಂತೆ 8 ವಾರ, ಒಟ್ಟು 29 ದಿನ ಬೆಳಗಾವಿಗೆ ಓಡಾಡಿದ್ದೇವೆ. ನಾನೂ ಜೊತೆಗೆ ಹೋಗಬೇಕು. ಬಸ್ಸಿನಲ್ಲಿ ನೂಕುನುಗ್ಗಲು ಇದ್ದಾಗ ಆ ಕೈಗೆ ಯಾರಾದರೂ ತಾಗಿದರೆ ಇವರ ಜೀವ ಹೋದಂತೆ ಆಗುತ್ತದೆ.

ಲೆಕ್ಕ ಹೀಗಿದೆ. ಊರಿಂದ ಹೊಂಗಲಕ್ಕೆ ಟಂಟಂ ಒಬ್ಬರಿಗೆ 20. ಹೊಂಗಲದಿಂದ ಬೆಳಗಾವಿಗೆ ಬಸ್ಸಿಗೆ ಇವರಿಗೆ 65, ನನಗೆ ಶೂನ್ಯ ಟಿಕೆಟ್. ಬಸ್ ಸ್ಟ್ಯಾಂಡಿಂದ ದವಾಖಾನೆಗೆ ಆಟೋ 80. ಹೋಗಿ ಬರೋಕೆ ದಿನಕ್ಕೆ 370 ರೂಪಾಯಿ. 29 ದಿನಕ್ಕೆ 10,730. ಡಿಸ್‌ಚಾರ್ಜ್ ಆದ ದಿನ ಬಾಡಿಗೆ ಕಾರಿಗೆ 1,800. ಒಟ್ಟು 12,530.

ಮಾಲಕರ ಆಫೀಸಿಗೆ ಹೋಗಿ ಕೇಳಿದೆ. ಮ್ಯಾನೇಜರ್ ಹೇಳಿದ್ದು: "ದವಾಖಾನಿ ಬಿಲ್ ಕೊಟ್ಟೇವಲ್ರೀ. ಊರಾಗ ಇರೂದು ನಿಮ್ಮ ಇಷ್ಟ, ಬಸ್ ಚಾರ್ಜ್ ನಮಗ ಸಂಬಂಧ ಇಲ್ಲ." ಪಗಾರವನ್ನೂ ಮಾರ್ಚ್‌ನಿಂದ ನಿಲ್ಲಿಸಿದ್ದಾರೆ.

ಬಸ್ ಚಾರ್ಜ್ ಕೇಳೋಕೆ ನಮಗೆ ಹಕ್ಕು ಇದೆಯಾ ಇಲ್ವಾ? ಗೊತ್ತಿದ್ದವರು ಹೇಳಿ.


ಉದ್ಯಮಬಾಗ ಟರ್ನರ್

ಅಕ್ಕಾ, ಓದಿ ಬೇಜಾರಾಯ್ತು. ನಾನೂ ಈ ದಾರಿಯಲ್ಲಿ ಹೋಗಿ ಬಂದವನು. ನಾಲ್ಕು ವರ್ಷದ ಹಿಂದೆ ಲೇತ್ ಮೇಲಿದ್ದಾಗ ಕಣ್ಣಿಗೆ ಚೂರು ಸಿಡಿಯಿತು. ಹುಬ್ಬಳ್ಳಿಗೆ 6 ಸಲ ಹೋದೆ. ಬಾಯಿ ಮಾತಲ್ಲಿ ಕೇಳಿದಾಗಲೆಲ್ಲ "ನೋಡೋಣ" ಅಂದರು. ಕೊನೆಗೆ ಒಂದು ಹಾಳೆಯಲ್ಲಿ ತಾರೀಖು, ಎಲ್ಲಿಂದ ಎಲ್ಲಿಗೆ, ಎಷ್ಟು ಅಂತ ಬರೆದು, ಡಾಕ್ಟರ್ ಚೀಟಿ ಲಗತ್ತಿಸಿ, ಇನ್‌ವರ್ಡ್ ಸಿಕ್ಕಾ (ಕಾಗದ ಮುಟ್ಟಿತು ಅನ್ನೋ ಮುದ್ರೆ) ಹಾಕಿಸಿಕೊಂಡು ಕೊಟ್ಟೆ. 15 ದಿನದಲ್ಲಿ ದುಡ್ಡು ಬಂತು. ಸಿಕ್ಕಾ ಬಿದ್ದ ಕಾಗದ ಕಂಡರೆ ಎಂಥ ಮ್ಯಾನೇಜರ್ ಆದರೂ ಒಂದು ಸಲ ಯೋಚನೆ ಮಾಡುತ್ತಾನೆ.

ಟಿಕೆಟ್ ಇಟ್ಟುಕೊಂಡಿದ್ದೀರಾ? ನಿಮ್ಮ ಶೂನ್ಯ ಟಿಕೆಟ್ ಕೂಡ ಬಿಸಾಡಬೇಡಿ. ಹಣ ಸೊನ್ನೆ ಇದ್ದರೂ ಅದರ ಮೇಲೆ ತಾರೀಖು ಇರುತ್ತದೆ.


ಕರದಂಟು ಕಾಕಾ

ತಂಗಿ, ನಾನು ಗೋಕಾಕ ಕಡೆಯವನು. 31 ವರ್ಷ ಟೈಮ್ ಆಫೀಸಿನಲ್ಲಿ ಹಾಜರಿ ಬರೆದು ರಿಟೈರ್ ಆದವನು. ಇಂಥ ಕಾಗದ ಬಹಳ ನೋಡಿದ್ದೇನೆ.

ಕೂಲಿಕಾರರ ಪರಿಹಾರಕ್ಕೆ 1923ರ ಕಾಯ್ದೆ ಇದೆ. 2010ರ ಜನವರಿಯಿಂದ ಅದರ ಹೆಸರು ನೌಕರರ ಪರಿಹಾರ ಕಾಯ್ದೆ. ಅದೇ ಸಲ 4ನೇ ಕಲಮಿಗೆ 2ಎ ಅಂತ ಒಂದು ಸಾಲು ಸೇರಿಸಿದರು. ಕೆಲಸದಲ್ಲಿ ಆದ ಗಾಯದ ಚಿಕಿತ್ಸೆಗೆ ನೌಕರ ಮಾಡಿದ ನಿಜವಾದ ವೈದ್ಯಕೀಯ ಖರ್ಚನ್ನು ಮಾಲಕ ತುಂಬಿ ಕೊಡಬೇಕು. ಅದಕ್ಕೂ ಮೊದಲು ಚಿಕಿತ್ಸೆಯ ಖರ್ಚಿಗೆ ಇಂಥ ಸಾಲು ಇರಲಿಲ್ಲ. ಅಂಗ ಹೋದದ್ದಕ್ಕೆ ಪರಿಹಾರ ಇತ್ತು, ಔಷಧಿ ಬಿಲ್ಲಿಗೆ ಮಾಲಕನ ದೊಡ್ಡ ಮನಸ್ಸೇ ಗತಿ.

ಆ ಸಾಲಿನಲ್ಲಿ ಬಸ್ ಚಾರ್ಜ್ ಅನ್ನೋ ಶಬ್ದ ಇಲ್ಲ. ಮ್ಯಾನೇಜರ್‌ಗಳು ಹಿಡಿದುಕೊಳ್ಳೋದು ಇದನ್ನೇ. ಆದರೆ ದವಾಖಾನೆ ಊರಿಗೆ ನಡೆದು ಬರೋದಿಲ್ಲ. ಚಿಕಿತ್ಸೆಗೆ ಹೋಗದೆ ಚಿಕಿತ್ಸೆ ಆಗೋದಿಲ್ಲ. ಹಾಗಾಗಿ ಅದನ್ನೂ ಚಿಕಿತ್ಸೆಯ ಖರ್ಚಿನೊಳಗೇ ಸೇರಿಸಿ ಕೇಳಬೇಕು.

ಇನ್ನೊಂದು. ಪಗಾರ ನಿಲ್ಲಿಸಿದ್ದಾರೆ ಅಂದಿರಿ. ಇದೇ ಕಾಯ್ದೆಯಲ್ಲಿ ತಾತ್ಕಾಲಿಕವಾಗಿ ಕೆಲಸ ಮಾಡಲಾಗದವನಿಗೆ ಪ್ರತಿ ಅರ್ಧ ತಿಂಗಳಿಗೆ ತಿಂಗಳ ಕೂಲಿಯ 25% ಕೊಡಬೇಕು. ತಿಂಗಳಿಗೆ ಅರ್ಧ ಪಗಾರ ಅಂತಿಟ್ಟುಕೊಳ್ಳಿ. ಕೂಲಿ ಎಷ್ಟೇ ಇರಲಿ, ಲೆಕ್ಕಕ್ಕೆ 15,000ದವರೆಗೆ ಮಾತ್ರ ಹಿಡಿಯುತ್ತಾರೆ. 2020ರ ಜನವರಿ 3ರಿಂದ ಈ ಮಿತಿ. ಅದಕ್ಕೂ ಮೊದಲು 8,000 ಇತ್ತು. ಬಾಕಿ ಉಳಿಸಿಕೊಂಡರೆ ಮಾಲಕನಿಗೆ 12% ಬಡ್ಡಿ, ಸರಿಯಾದ ಕಾರಣ ಇಲ್ಲದೆ ತಡ ಮಾಡಿದರೆ 50%ವರೆಗೆ ದಂಡ. ಅರ್ಜಿ ಹಾಕೋಕೆ ಅಪಘಾತದ ದಿನದಿಂದ ಎರಡು ವರ್ಷ ಟೈಮ್.

ಇಷ್ಟೆಲ್ಲ ಹೇಳಿದೆ, ಆದರೆ ಮೊದಲು ಒಂದು ಕೆಲಸ ಮಾಡಿ. ಇವರ ಪಗಾರದ ಚೀಟಿ ತೆಗೆದು ನೋಡಿ. ಕಡಿತದ ಕಡೆ ಇಎಸ್‌ಐ (ನೌಕರರ ರಾಜ್ಯ ವಿಮೆ) ಅಂತ ಏನಾದರೂ ಇದೆಯಾ? ಇದ್ದರೆ ನಾನು ಮೇಲೆ ಬರೆದದ್ದು ಎಲ್ಲ ಬೇರೆ ಆಗುತ್ತದೆ.


ಸುಮ್ನೆ ಒಬ್ಬ

12 ಸಾವಿರಕ್ಕೆ ವಕೀಲರ ಹಿಂದೆ ಓಡಾಡಿ 20 ಸಾವಿರ ಖರ್ಚು ಮಾಡೋದು. ಬಿಟ್ಟುಬಿಡಿ ಅಕ್ಕಾ, ಮಾಲಕರ ಜೊತೆ ಚೆನ್ನಾಗಿದ್ದರೆ ಕೆಲಸಾನಾದರೂ ಉಳಿಯುತ್ತೆ.


ವಿಜಯಪುರ ಕಪ್ಪುಕೋಟು

ಮೇಲಿನವರಿಗೆ: 12 ಸಾವಿರ ಅಂದರೆ ಎಷ್ಟು ದಿನದ ಕೂಲಿ ಅಂತ ಕೂತು ಲೆಕ್ಕ ಮಾಡಿ. ಆಮೇಲೆ ಬಿಟ್ಟುಬಿಡಿ ಅನ್ನಿ.

ಅಕ್ಕಾ, ಕಾಕಾ ಅವರು ಹೇಳಿದ್ದು ಸರಿ ಇದೆ. ಸ್ವಲ್ಪ ಸೇರಿಸುತ್ತೇನೆ. ನಮ್ಮ ರಾಜ್ಯದಲ್ಲಿ ಈ ಅರ್ಜಿಗಳನ್ನು ಈಗ ಕಾರ್ಮಿಕ ಅಧಿಕಾರಿ ನೋಡೋದಿಲ್ಲ, ಸೀನಿಯರ್ ಸಿವಿಲ್ ಜಡ್ಜ್ ಕೋರ್ಟಿನಲ್ಲಿ ನಡೆಯುತ್ತವೆ. ನೀವು ವಾಸ ಇರುವ ಕಡೆಯ ಕೋರ್ಟಿನಲ್ಲೂ ಹಾಕಬಹುದು. ಪ್ರತಿ ತಾರೀಖಿಗೆ ಬೆಳಗಾವಿಗೆ ಹೋಗಬೇಕು ಅಂತ ಇಲ್ಲ.

ಓಡಾಟದ ಖರ್ಚಿನಲ್ಲಿ ಆಂಬುಲೆನ್ಸ್ ಬಿಲ್ ಸುಲಭವಾಗಿ ಒಪ್ಪಿಗೆ ಆಗುತ್ತದೆ. ಅದು ದವಾಖಾನೆಯ ಖರ್ಚಿನ ತರಹವೇ ಕಾಣಿಸುತ್ತದೆ. ಬಸ್ಸು, ಟಂಟಂ, ಆಟೋ ಕೇಳುವಾಗ ಎರಡು ಪ್ರಶ್ನೆ ಬರುತ್ತವೆ. ಆ ದಿನ ಹೋಗಲೇಬೇಕಿತ್ತಾ? ಅಲ್ಲಿಗೇ ಹೋಗಬೇಕಿತ್ತಾ? ಮೊದಲನೆಯದಕ್ಕೆ ಡಾಕ್ಟರ್ ಬರಹ ಬೇಕು. "ವಾರಕ್ಕೆ 3 ಸಲ, 8 ವಾರ" ಅಂತ ಡಿಸ್‌ಚಾರ್ಜ್ ಕಾಗದದಲ್ಲಿ ಇದ್ದರೆ ನಿಮ್ಮ 24 ದಿನ ಗಟ್ಟಿ. ಎರಡನೆಯದಕ್ಕೆ, ಆಪರೇಷನ್ ಮಾಡಿಸಿದ್ದೇ ಆ ದವಾಖಾನೆಯಲ್ಲಿ, ಸೇರಿಸಿದ್ದು ಮಾಲಕರೇ. ಹಾಗಾಗಿ ಅಲ್ಲಿ ನಿಮಗೆ ತೊಂದರೆ ಇಲ್ಲ.

ಊರಲ್ಲಿ ಇರೋದು ನಿಮ್ಮ ಇಷ್ಟ ಅನ್ನೋ ಮಾತಿಗೂ ಉತ್ತರ ಕಾಗದದಲ್ಲೇ ಇರಬೇಕು. "ಒಬ್ಬರು ಜೊತೆಗಿದ್ದು ನೋಡಿಕೊಳ್ಳಬೇಕು" ಅಂತ ಡಾಕ್ಟರಿಂದ ಒಂದು ಸಾಲು ಬರೆಸಿಕೊಳ್ಳಿ. ಬಲಗೈ ಬೆರಳಿನ ಗಾಯಕ್ಕೆ ಬರೆಯೋಕೆ ಅವರು ಹಿಂದೆಮುಂದೆ ನೋಡೋದಿಲ್ಲ. ಈಗ ಕೇಳಿದರೆ ಬರೆಯುತ್ತಾರೆ. ಎರಡು ವರ್ಷ ಬಿಟ್ಟು ಹೋದರೆ ಆ ಡಾಕ್ಟರ್ ಅಲ್ಲೇ ಇರುತ್ತಾರೋ ಇಲ್ವೋ.

ಯಾವ ಕಾಗದಕ್ಕೂ ಓದದೆ ಸಹಿ ಮಾಡಬೇಡಿ. ಮುಖ್ಯವಾಗಿ "ಎಲ್ಲ ಬಾಕಿ ಮುಟ್ಟಿದೆ" ಅನ್ನೋ ವೋಚರ್‌ಗೆ. ಪರಿಹಾರದ ಹಕ್ಕು ಬಿಟ್ಟುಕೊಡುವ ಒಪ್ಪಂದ 17ನೇ ಕಲಮಿನ ಪ್ರಕಾರ ನಿಲ್ಲೋದಿಲ್ಲ. ನಿಲ್ಲೋದಿಲ್ಲ ಅಂತ ತೋರಿಸೋಕೆ ಮಾತ್ರ ಒಂದು ವರ್ಷ ಬೇಕಾಗುತ್ತದೆ.


ಹೊಂಗಲದ ಅಕ್ಕ

ಕಾಕಾ, ಹುಡುಕಿದೆ. ಜನವರಿಯ ಪಗಾರದ ಚೀಟಿ ಸಿಕ್ಕಿತು. ಒಟ್ಟು 15,000. ಕಡಿತದಲ್ಲಿ "ಇ.ಎಸ್.ಐ. 113" ಅಂತ ಇದೆ. ಇವರನ್ನು ಕೇಳಿದರೆ "ಅದು ಪ್ರತಿ ತಿಂಗಳೂ ಹಿಡೀತಾರ, ಯಾಕಂತ ನಾ ಕೇಳಿಲ್ಲ" ಅಂದರು. ನಂಬರ್ ಇರುವ ಒಂದು ಹಾಳೆಯನ್ನು ಸೇರಿದ ವರ್ಷ ಕೊಟ್ಟಿದ್ದರಂತೆ. ಟ್ರಂಕಿನಲ್ಲಿ ಮದುವೆ ಫೋಟೋ ಕೆಳಗೆ ಇತ್ತು.

ಇದರಿಂದ ಒಳ್ಳೆಯದಾಗುತ್ತಾ, ಕೆಟ್ಟದಾಗುತ್ತಾ?


ಕರದಂಟು ಕಾಕಾ

ತಂಗಿ, ಆ 113 ನೋಡಿ ನನಗೆ ಖುಷಿಯೂ ಆಯ್ತು, ಸಿಟ್ಟೂ ಬಂತು. 15,000ಕ್ಕೆ 0.75% ಅಂದರೆ 112 ರೂಪಾಯಿ 50 ಪೈಸೆ, ಮೇಲಿನ ರೂಪಾಯಿಗೆ ಹಿಡಿದರೆ 113. ಲೆಕ್ಕ ಸರಿಯಾಗಿದೆ. ಮಾಲಕ ತನ್ನ ಕಡೆಯಿಂದ 3.25% ಸೇರಿಸಬೇಕು. 21,000ದವರೆಗೆ ಪಗಾರ ಇರುವವರೆಲ್ಲ ಈ ವಿಮೆಯಲ್ಲಿ ಬರುತ್ತಾರೆ.

ಸಿಟ್ಟು ಯಾಕೆ ಅಂದರೆ, ಬೆರಳು ಹೋಗುವಂಥ ಗಾಯ ಆದಾಗ ಅಪಘಾತದ ವರದಿಯನ್ನು ಮಾಲಕ ತಕ್ಷಣ ಇಎಸ್‌ಐಗೆ ಕಳಿಸಬೇಕು. ಫಾರ್ಮ್ 12. ಅದನ್ನು ಕಳಿಸಿದ್ದರೆ ನಿಮ್ಮ ಮನೆಯವರಿಗೆ ಮೊದಲ ದಿನದಿಂದಲೇ ದಿನಗೂಲಿಯ ಸರಾಸರಿಯ 90% ಬರಬೇಕಿತ್ತು. ನಾನು ಮೊದಲು ಹೇಳಿದ ಅರ್ಧ ಪಗಾರ ಅಲ್ಲ, 90%. ಚಿಕಿತ್ಸೆ ಬೇರೆ, ಅದೂ ಉಚಿತ. ಕೆಲವು ಕಡೆ ವರದಿ ಹೋದರೆ ಇನ್‌ಸ್ಪೆಕ್ಟರ್ ಬರುತ್ತಾರೆ, ಪ್ರೆಸ್ಸಿಗೆ ಕೈ ಸಿಗದ ಹಾಗೆ ಗಾರ್ಡ್ ಯಾಕೆ ಇಲ್ಲ ಅಂತ ಕೇಳುತ್ತಾರೆ ಅನ್ನೋ ಭಯ. ಅದಕ್ಕೇ ಖಾಸಗಿ ದವಾಖಾನೆ ಬಿಲ್ ಕಟ್ಟಿ ಸುಮ್ಮನಾಗಿಸೋದು. ನಿಮ್ಮ ಮಾಲಕರ ಮನಸ್ಸಿನಲ್ಲಿ ಏನಿತ್ತೋ, ನಾನು ಹೇಳಲಾರೆ.

ಈಗ ಬಸ್ ಚಾರ್ಜ್ ವಿಷಯ. ಇಎಸ್‌ಐ ಇದ್ದವರು 1923ರ ಕಾಯ್ದೆಯಲ್ಲಿ ಮಾಲಕನ ಮೇಲೆ ಪರಿಹಾರ ಕೇಳೋಕೆ ಆಗೋದಿಲ್ಲ. ಎರಡರಲ್ಲಿ ಒಂದೇ. ಹಾಗಾಗಿ ನಿಮ್ಮ ದಾರಿ ಬೆಳಗಾವಿಯ ಇಎಸ್‌ಐ ಶಾಖಾ ಕಚೇರಿ. ಅಶೋಕ ನಗರದಲ್ಲಿ ಇಎಸ್‌ಐ ಆಸ್ಪತ್ರೆ ಇದೆ, ಮುಂದಿನ ಚಿಕಿತ್ಸೆ ಅಲ್ಲಿಂದ ಶುರು ಮಾಡಿ. ಇಎಸ್‌ಐ ಡಾಕ್ಟರ್ ಸರ್ಟಿಫಿಕೇಟ್ ಇಲ್ಲದೆ ಆ 90% ಹಣ ಸುಲಭವಾಗಿ ಬರೋದಿಲ್ಲ. ಹಿಂದಿನ ತಿಂಗಳುಗಳಿಗೆ ಖಾಸಗಿ ದವಾಖಾನೆಯ ಕಾಗದಗಳನ್ನು ಪರ್ಯಾಯ ಸಾಕ್ಷ್ಯ ಅಂತ ಕೊಟ್ಟು ಕೇಳಬೇಕು.

ಇಎಸ್‌ಐ ಸೌಲಭ್ಯದಲ್ಲಿ ಓಡಾಟಕ್ಕೂ ಜಾಗ ಇದೆ. ಅವರ ಡಾಕ್ಟರ್ ಬೇರೆ ಆಸ್ಪತ್ರೆಗೆ, ಪರೀಕ್ಷೆಗೆ ಕಳಿಸಿದರೆ ಆಂಬುಲೆನ್ಸ್, ಇಲ್ಲವೇ ನಿಯಮ ಒಪ್ಪುವ ಕಡೆ ವಾಹನದ ಖರ್ಚು. ಕಾಯಂ ಊನ ಎಷ್ಟು ಅಂತ ನೋಡೋಕೆ ವೈದ್ಯಕೀಯ ಮಂಡಳಿ ಮುಂದೆ ಕರೆದರೆ ಆ ದಿನದ ಓಡಾಟದ ಖರ್ಚು ಮತ್ತು ಹೋದ ಕೂಲಿ ಎರಡನ್ನೂ ಕೊಡುತ್ತಾರೆ. ಆದರೆ ಯಾರೂ ಕರೆದು ಕೊಡೋದಿಲ್ಲ. ಅಲ್ಲೇ ಕೇಳಿ ಫಾರ್ಮ್ ತುಂಬಬೇಕು. ಮತ್ತೆ, ಕಳಿಸಿದ ಚೀಟಿ ಕೈಯಲ್ಲಿ ಇಲ್ಲದೆ ನೀವೇ ಹೋದರೆ ಕೇಳಿದರೂ ಪ್ರಯೋಜನ ಇಲ್ಲ.

ಎರಡು ಬೆರಳು ಪೂರ್ತಿ ಹೋದರೆ ಪಟ್ಟಿಯಲ್ಲಿ 20% ಊನ ಅಂತ ಇದೆ. ನಿಮ್ಮವರದು ಎಷ್ಟು ಅನ್ನೋದನ್ನು ಮಂಡಳಿ ಹೇಳಬೇಕು. ಅದಕ್ಕೆ ತಿಂಗಳು ತಿಂಗಳು ಹಣ ಬರುತ್ತದೆ, ಜೀವ ಇರುವವರೆಗೆ. 12 ಸಾವಿರದ ಹಿಂದೆ ಹೋಗಿ ಅದನ್ನು ಮರೆಯಬೇಡಿ, ತಂಗಿ.


ಘಟಪ್ರಭಾ ದಂಡೆ

ಮಧ್ಯದಲ್ಲಿ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನಮ್ಮದು ಮುಧೋಳ ತಾಲೂಕು. ನಮ್ಮ ಕಡೆ ಕಾರ್ಖಾನೆ ಅಂದರೆ ಸಕ್ಕರೆ, ಅಪಘಾತ ಅಂದರೆ ಕಬ್ಬಿನ ಟ್ರ್ಯಾಕ್ಟರ್. ನಮ್ಮ ಅಣ್ಣನ ಮಗ ಕಬ್ಬಿನ ಗ್ಯಾಂಗಿನಲ್ಲಿದ್ದ. ಲೋಡ್ ಹಗ್ಗ ಬಿಗಿಯುತ್ತಿದ್ದಾಗ ಡ್ರೈವರ್ ನೋಡದೆ ಗಾಡಿ ಹಿಂದಕ್ಕೆ ತೆಗೆದ. ಟ್ರೇಲರ್ ಗಾಲಿ ಕಾಲ ಮೇಲೆ ಹೋಯ್ತು. ಇಎಸ್‌ಐ ಇಲ್ಲ, ಪಗಾರದ ಚೀಟಿ ಇಲ್ಲ, ಮುಕಾದಮ (ಗ್ಯಾಂಗಿನ ಮೇಸ್ತ್ರಿ) ಕೊಟ್ಟ ಉಚಲ್, ಅಂದರೆ ಮುಂಗಡ, ಒಂದೇ. ಮಿರಜಿಗೆ 11 ಸಲ ಕರೆದುಕೊಂಡು ಹೋದೆವು. ಕಾಲು ಮಡಚೋಕೆ ಆಗದವನು ಬಸ್ಸಿನಲ್ಲಿ ಹೇಗೆ ಕೂರುತ್ತಾನೆ? ಪ್ರತಿ ಸಲ ಕ್ರೂಸರ್ ಗಾಡಿ ಬಾಡಿಗೆಗೆ ಮಾಡಿಸಿದೆವು.

ವಕೀಲರು ಒಂದು ಮಾತು ಹೇಳಿದರು. ಗಾಡಿಯಿಂದ ಆದ ಅಪಘಾತಕ್ಕೆ ಎರಡು ದಾರಿ. ನೌಕರರ ಪರಿಹಾರ, ಇಲ್ಲವೇ ಮೋಟಾರು ವಾಹನ ಅಪಘಾತ ನ್ಯಾಯಮಂಡಳಿ. ಮೋಟಾರು ವಾಹನ ಕಾಯ್ದೆಯ 167ನೇ ಕಲಮಿನ ಪ್ರಕಾರ ಒಂದನ್ನು ಆರಿಸಿಕೊಳ್ಳಬೇಕು, ಎರಡೂ ಇಲ್ಲ. ನಾವು ನ್ಯಾಯಮಂಡಳಿಗೆ ಹೋದೆವು. ಅಲ್ಲಿ ಓಡಾಟ, ಪೌಷ್ಟಿಕ ಆಹಾರ, ನೋಡಿಕೊಂಡವರ ಖರ್ಚು ಅಂತಲೇ ಒಂದು ಬಾಬ್ತು ಇದೆ. ಕೇಳೋಕೆ ಸಂಕೋಚ ಪಡಬೇಕಿಲ್ಲ. ನಾವು ಆ ಬಾಬ್ತಿಗೆ ಕೇಳಿದ್ದು 42,000, ಬಂದದ್ದು 15,000. ಯಾಕೆ ಕಡಿಮೆ? ಕ್ರೂಸರ್‌ನವನು ಒಂದು ಚೀಟಿಯನ್ನೂ ಕೊಟ್ಟಿರಲಿಲ್ಲ. ಅವನು ನಮ್ಮ ಊರವನೇ, ಕೇಳಿದ್ದರೆ ಕೊಡುತ್ತಿದ್ದ. ನಮಗೇ ಹೊಳೆಯಲಿಲ್ಲ.

ಅಲ್ಲಿಗೆ ಹೋಗುವವರು ತಡ ಮಾಡಬೇಡಿ. 2022ರ ಏಪ್ರಿಲ್ 1ರ ನಂತರದ ಅಪಘಾತಕ್ಕೆ ಅರ್ಜಿ ಹಾಕೋಕೆ ಆರು ತಿಂಗಳು ಮಾತ್ರ.


ಅಥಣಿಯಿಂದ ಅಮೆರಿಕಾ

ನಾನು ಅಥಣಿಯವನು, ಈಗ ಕ್ಯಾಲಿಫೋರ್ನಿಯಾದಲ್ಲಿದ್ದೇನೆ. ಗೋಡೌನ್ ಕೆಲಸ. ಈ ವರ್ಷ ಪ್ಯಾಲೆಟ್ ಮೇಲಿಂದ ಜಾರಿ ಸೊಂಟ ಹಿಡಿದುಕೊಂಡಿತು. ಇಲ್ಲಿ ಇದಕ್ಕೆ ಒಂದು ಪುಟದ ಫಾರ್ಮ್ ಇದೆ. ತಾರೀಖು, ಎಲ್ಲಿಂದ, ಎಲ್ಲಿಗೆ, ಎಷ್ಟು ಮೈಲಿ, ಪಾರ್ಕಿಂಗ್, ಸೇತುವೆ ಟೋಲ್, ಅಷ್ಟೇ. 2025ಕ್ಕೆ ಮೈಲಿಗೆ 70 ಸೆಂಟ್. ನನಗೆ ಫಿಸಿಯೋಥೆರಪಿಗೆ ಹೋಗಿ ಬರೋಕೆ 22 ಮೈಲಿ, ಒಂದು ಸಲಕ್ಕೆ 15 ಡಾಲರ್ 40 ಸೆಂಟ್. ಮಾಲಕರ ವಿಮೆ ಕಂಪನಿ ಕಳಿಸುತ್ತದೆ.

ಇಲ್ಲಿಯ ಕಾಯ್ದೆ ಅಲ್ಲಿ ನಡೆಯೋದಿಲ್ಲ, ಗೊತ್ತು. ಆದರೆ ಆ ಫಾರ್ಮಿನ ಕಾಲಂಗಳನ್ನು ಒಂದು ನೋಟ್‌ಬುಕ್‌ನಲ್ಲಿ ಗೆರೆ ಎಳೆದು ಮಾಡಿಕೊಂಡರೆ ಯಾರೂ ಬೇಡ ಅನ್ನೋದಿಲ್ಲ ಅಲ್ವಾ?


ಸುಮ್ನೆ ಒಬ್ಬ

ಅಲ್ಲಿ ಮೈಲಿ ಲೆಕ್ಕ. ನಮ್ಮ ಟಂಟಂನವನು ಮೈಲಿ ನೋಡೋದಿಲ್ಲ, ಎಷ್ಟು ಜನ ತುಂಬಿದರು ಅಂತ ನೋಡುತ್ತಾನೆ.

ಆದರೂ ಇಎಸ್‌ಐ ವಿಷಯ ನನಗೆ ಗೊತ್ತಿರಲಿಲ್ಲ. ನನ್ನ ಮೊದಲಿನ ಮಾತು ವಾಪಸ್ ತಗೋತೀನಿ. ನನ್ನ ಚೀಟಿಯಲ್ಲೂ ಕಡಿತ ಇದೆ, ಈಗ ತಾನೇ ನೋಡಿದೆ.


ಉದ್ಯಮಬಾಗ ಟರ್ನರ್

ಅಥಣಿ ಅಣ್ಣ ಹೇಳಿದ್ದು ಚಲೋ ಇದೆ. ನಾನು ಮಾಡಿದ್ದು ಹೆಚ್ಚುಕಡಿಮೆ ಅದೇ. 40 ಪುಟದ ನೋಟ್‌ಬುಕ್ ಸಾಕು. ಒಂದು ದಿನಕ್ಕೆ ಒಂದೇ ಸಾಲು, ಅದೇ ದಿನ ರಾತ್ರಿ ಬರೆಯಬೇಕು. ಮೂರು ತಿಂಗಳಾದ ಮೇಲೆ ಕೂತು ಒಂದೇ ಪೆನ್ನಿನಲ್ಲಿ 29 ಸಾಲು ಬರೆದರೆ ನೋಡಿದವರಿಗೆ ಗೊತ್ತಾಗುತ್ತೆ. ಅಕ್ಷರ ಎಲ್ಲ ಒಂದೇ ಥರ ಸಾಲಾಗಿ ನಿಂತಿರುತ್ತವೆ. ದಿನಾ ಬರೆದದ್ದರಲ್ಲಿ ಒಂದು ಕಡೆ ಚಹಾ ಕಲೆ, ಒಂದು ಕಡೆ ಹಸಿರು ಶಾಯಿ, ಒಂದು ಕಡೆ ಮಗಳ ಅಕ್ಷರ ಇರುತ್ತದೆ.

ಅಕ್ಕಾ, ನೀವು ಆಗಲೇ ಬರೆದಿಟ್ಟಿಲ್ಲ ಅಂದರೆ ಸುಳ್ಳು ನೋಟ್‌ಬುಕ್ ಮಾಡಬೇಡಿ. ಫಿಸಿಯೋಥೆರಪಿ ಕಾರ್ಡಿನಲ್ಲಿ ಪ್ರತಿ ಸಲ ಸಹಿ ಹಾಕಿರುತ್ತಾರೆ. ಅದರ ಜೆರಾಕ್ಸ್ ಪಕ್ಕದಲ್ಲಿ ಖರ್ಚು ಬರೆಯಿರಿ. ಬಸ್ಸಿನಲ್ಲಿ ಫೋನಿನಿಂದ ದುಡ್ಡು ಕೊಟ್ಟಿದ್ದರೆ ಆ ಸಾಲುಗಳೂ ಸಿಗುತ್ತವೆ.

ಟಿಕೆಟ್ ಬಗ್ಗೆ ಇನ್ನೊಂದು. ಕಂಡಕ್ಟರ್ ಮಷಿನ್ ಟಿಕೆಟ್ ಶಾಖದ ಕಾಗದ. ಬೇಸಿಗೆಯಲ್ಲಿ ಅಂಗಿ ಜೇಬಿನಲ್ಲಿ ಎರಡು ದಿನ ಇಟ್ಟರೆ ಸಾಕು, ಬಿಳಿ ಆಗುತ್ತೆ. ಮನೆಗೆ ಬಂದ ಕೂಡಲೇ ಫೋಟೋ ತೆಗೆಯಿರಿ, ಇಲ್ಲವೇ ವಾರಕ್ಕೊಮ್ಮೆ ಎ4 ಹಾಳೆ ಮೇಲೆ ಜೋಡಿಸಿ ಜೆರಾಕ್ಸ್ ಮಾಡಿಸಿ.


ಇಳಕಲ್ ಹುಡುಗ

ನಾನು ಗ್ರಾನೈಟ್ ಪಾಲಿಷ್ ಘಟಕದಲ್ಲಿ ಕಾಂಟ್ರಾಕ್ಟರ್ ಕೈಕೆಳಗೆ ಕೆಲಸ ಮಾಡುತ್ತೇನೆ. ಸ್ಲ್ಯಾಬ್ ಬಿದ್ದು ಪಾದ ಮುರಿಯಿತು. ಹುನಗುಂದ, ಅಮೀನಗಡ ದಾಟಿ ಬಾಗಲಕೋಟೆ ನವನಗರಕ್ಕೆ ತೋರಿಸೋಕೆ ಹೋಗುತ್ತಿದ್ದೇನೆ. ಇಎಸ್‌ಐ ಕಡಿತ ಇಲ್ಲ. ಮಾಲಕರು "ಕಾಂಟ್ರಾಕ್ಟರ್‌ನ ಕೇಳು" ಅಂತಾರೆ, ಕಾಂಟ್ರಾಕ್ಟರ್ ಫೋನ್ ಎತ್ತೋದಿಲ್ಲ. ನಾನು ಯಾರನ್ನು ಕೇಳಬೇಕು?


ವಿಜಯಪುರ ಕಪ್ಪುಕೋಟು

ತಮ್ಮಾ, ಇಬ್ಬರನ್ನೂ ಕೇಳು. 1923ರ ಕಾಯ್ದೆಯ 12ನೇ ಕಲಮಿನ ಪ್ರಕಾರ ಕೆಲಸ ಯಾರ ವ್ಯಾಪಾರಕ್ಕಾಗಿ, ಯಾರ ಜಾಗದಲ್ಲಿ ನಡೆಯಿತೋ ಆ ಮಾಲಕನೇ ಪರಿಹಾರ ಕೊಡಬೇಕು, ಆಮೇಲೆ ಬೇಕಾದರೆ ಕಾಂಟ್ರಾಕ್ಟರ್‌ನಿಂದ ವಸೂಲಿ ಮಾಡಿಕೊಳ್ಳಲಿ. ಮಾಲಕರಿಗೆ ಇವತ್ತೇ ರಿಜಿಸ್ಟರ್ ಪೋಸ್ಟಿನಲ್ಲಿ ಅಪಘಾತದ ನೋಟಿಸ್ ಕಳಿಸು. ಹೆಸರು, ತಾರೀಖು, ಟೈಮ್, ಏನಾಯ್ತು, ಇಷ್ಟೇ ಸಾಕು. ಘಟಕದಲ್ಲಿ ಹತ್ತು ಜನ ಅಥವಾ ಅದಕ್ಕಿಂತ ಜಾಸ್ತಿ ಇದ್ದೀರಾ ಅಂತಲೂ ಎಣಿಸು. ಇದ್ದರೆ ಇಎಸ್‌ಐ ಯಾಕೆ ಇಲ್ಲ ಅನ್ನೋ ಪ್ರಶ್ನೆ ಬರುತ್ತದೆ. ಆಗ ಮಾಲಕರೇ ನಿನಗೆ ಫೋನ್ ಮಾಡುತ್ತಾರೆ.


ಹೊಂಗಲದ ಅಕ್ಕ | 21 ಸೆಪ್ಟೆಂಬರ್ 2025

ಮೂರು ತಿಂಗಳ ಮೇಲೆ ಬರೆಯುತ್ತಿದ್ದೇನೆ. ಕೆಲವರು ಏನಾಯ್ತು ಅಂತ ಕೇಳಿದ್ದರು.

ಮೊದಲು ಇಎಸ್‌ಐ ಶಾಖಾ ಕಚೇರಿಗೆ ಹೋದೆವು. ಅಲ್ಲಿಯ ಒಬ್ಬರು ನಂಬರ್ ಹಾಕಿ ನೋಡಿದರು. ಹಣ ತಪ್ಪದೆ ಕಟ್ಟಿದ್ದರು, ಅಪಘಾತದ ವರದಿ ಮಾತ್ರ ಇರಲಿಲ್ಲ. ನಾವೇ ಬರೆದು ಕೊಟ್ಟೆವು. ಹಾಜರಿ ಪುಸ್ತಕದ ಫೋಟೋವನ್ನು ಇವರ ಜೊತೆ ಕೆಲಸ ಮಾಡುವ ಒಬ್ಬ ಹುಡುಗ ಕಳಿಸಿಕೊಟ್ಟ. ದೇವರು ಅವನನ್ನು ಚೆನ್ನಾಗಿಡಲಿ. ಹತ್ತು ದಿನಕ್ಕೆ ಮಾಲಕರ ಕಡೆಯಿಂದ ಫಾರ್ಮ್ 12 ಹೋಯ್ತು. ಹಿಂದಿನ ತಾರೀಖು ಹಾಕಿರಲಿಲ್ಲ, ಅಷ್ಟು ಒಳ್ಳೆಯತನ ಇತ್ತು.

90% ಹಣದಲ್ಲಿ ಏಪ್ರಿಲ್‌ನಿಂದ ಮುಂದಿನದು ಬಂದಿದೆ. ಫೆಬ್ರವರಿ, ಮಾರ್ಚ್‌ನದು ಇನ್ನೂ ಪರಿಶೀಲನೆಯಲ್ಲಿದೆ. ವೈದ್ಯಕೀಯ ಮಂಡಳಿಗೆ ಹೋದ ದಿನ ನಾನೇ ಕೇಳಿದೆ, "ಸರ್, ಬಸ್ ಚಾರ್ಜಿನ ಫಾರ್ಮ್ ಎಲ್ಲಿ ಸಿಗುತ್ತೆ?" ಅಂತ. ಅವರು ಮುಖ ನೋಡಿದರು. ಆಮೇಲೆ ಡ್ರಾಯರಿನಿಂದ ತೆಗೆದು ಕೊಟ್ಟರು. ಆ ದಿನದ ಹಣ ಇವರ ಖಾತೆಗೆ ಬಂತು. ದೊಡ್ಡ ಮೊತ್ತ ಏನಲ್ಲ. ಆದರೂ ಮೆಸೇಜ್ ಬಂದಾಗ ಇವರು ಎರಡು ಸಲ ಓದಿದರು.

ಹಳೆಯ 12,530ರ ವಿಷಯ. ಕಾಕಾ ಹೇಳಿದ ಹಾಗೆ ಕಾಯ್ದೆ ಹಿಡಿದು ಮಾಲಕರನ್ನು ಕೇಳೋಕೆ ಆಗಲಿಲ್ಲ. ಆದರೆ ಒಂದು ಅರ್ಜಿ ಬರೆದೆ. "ನೀವು ವರದಿ ಕಳಿಸಿದ್ದರೆ ನಾವು ಇಎಸ್‌ಐ ಆಸ್ಪತ್ರೆಗೆ ಹೋಗುತ್ತಿದ್ದೆವು, ಈ ಖರ್ಚು ಆಗಿದ್ದು ನಿಮ್ಮ ಕಡೆಯಿಂದ" ಅಂತ. 29 ದಿನದ ಕಾರ್ಡಿನ ಜೆರಾಕ್ಸ್, ಟಿಕೆಟ್‌ಗಳ ಜೆರಾಕ್ಸ್, ಕಾರಿನವನ ಚೀಟಿ ಎಲ್ಲ ಜೋಡಿಸಿ, ಸಿಕ್ಕಾ ಹಾಕಿಸಿಕೊಂಡು ಕೊಟ್ಟೆ. ಮ್ಯಾನೇಜರ್ ಕರೆದು 9,000 ಕೊಡುತ್ತೇವೆ ಅಂದರು. ವೋಚರ್ ಮುಂದಿಟ್ಟರು. ಅದರಲ್ಲಿ "ಅಪಘಾತಕ್ಕೆ ಸಂಬಂಧಿಸಿದ ಎಲ್ಲ ಬಾಕಿ ಚುಕ್ತಾ" ಅಂತ ಟೈಪ್ ಆಗಿತ್ತು. ನನಗೆ ಕಪ್ಪುಕೋಟು ಸರ್ ಮಾತು ನೆನಪಾಯ್ತು. ಪೆನ್ ತಗೊಂಡು ಆ ಸಾಲು ಹೊಡೆದು, "ಓಡಾಟದ ಖರ್ಚಿಗೆ ಮಾತ್ರ 9,000" ಅಂತ ಬರೆದು ಅವರ ಕಡೆ ತಿರುಗಿಸಿದೆ. ಅವರು ಐದು ನಿಮಿಷ ಯಾರಿಗೋ ಫೋನ್ ಮಾಡಿದರು. ಆಮೇಲೆ ಪಕ್ಕದಲ್ಲಿ ಸಹಿ ಮಾಡಿದರು. ಇವರು ಎಡಗೈಯಲ್ಲಿ ಸಹಿ ಹಾಕಿದರು. ಕಲಿಯುತ್ತಿದ್ದಾರೆ.


ಕರದಂಟು ಕಾಕಾ

ತಂಗಿ, 31 ವರ್ಷದಲ್ಲಿ ಎಷ್ಟು ವೋಚರ್ ಮುಂದಿಟ್ಟಿದ್ದೇನೋ, ಒಬ್ಬರೂ ಸಾಲು ಹೊಡೆದು ತಿರುಗಿಸಿದ್ದು ನೋಡಿಲ್ಲ. ಫೆಬ್ರವರಿ, ಮಾರ್ಚ್‌ನದನ್ನು ಬಿಡಬೇಡಿ. ತಿಂಗಳಿಗೊಮ್ಮೆ ಹೋಗಿ ಕೇಳಿ. ಆ ಓಡಾಟವನ್ನೂ ಬರೆದಿಡಿ.


ವಿಜಯಪುರ ಕಪ್ಪುಕೋಟು | 14 ಡಿಸೆಂಬರ್ 2025

ಹೊಸದಾಗಿ ಓದುವವರಿಗೆ ಒಂದು ಮಾತು. 2025ರ ನವೆಂಬರ್ 21ರಿಂದ ಸಾಮಾಜಿಕ ಭದ್ರತಾ ಸಂಹಿತೆ ಜಾರಿಗೆ ಬಂದಿದೆ. 1923ರ ಕಾಯ್ದೆ, 1948ರ ಇಎಸ್‌ಐ ಕಾಯ್ದೆ ಎರಡೂ ಅದರೊಳಗೆ ಸೇರಿವೆ. ಇಲ್ಲಿ ಹೇಳಿದ ಆ ಎರಡು ಕಾಯ್ದೆಗಳ ಕಲಮುಗಳ ನಂಬರ್ ಬದಲಾಗಿವೆ. ಚಿಕಿತ್ಸೆಯ ನಿಜವಾದ ಖರ್ಚು ಕೊಡಬೇಕು ಅನ್ನೋ ಮಾತು ಉಳಿದಿದೆ. ಬಸ್ ಚಾರ್ಜ್ ಅನ್ನೋ ಶಬ್ದ ಈಗಲೂ ಬಂದಿಲ್ಲ. ಒಂದು ಅನುಕೂಲ ಇದೆ. ಮನೆಯಿಂದ ಕೆಲಸಕ್ಕೆ, ಕೆಲಸದಿಂದ ಮನೆಗೆ ಹೋಗುವಾಗ ಆದ ಅಪಘಾತವೂ, ಕೆಲಸಕ್ಕೂ ಅದಕ್ಕೂ ಸಂಬಂಧ ತೋರಿಸಿದರೆ, ಕೆಲಸದ ಅಪಘಾತ ಅಂತ ಲೆಕ್ಕ. ಇಎಸ್‌ಐನಲ್ಲಿ ಇದು 2010ರಿಂದ ಇತ್ತು, ಈಗ ಇಎಸ್‌ಐ ಇಲ್ಲದವರಿಗೂ ಸಂಹಿತೆಯಲ್ಲೇ ಬರೆದಿದ್ದಾರೆ. ಅದಕ್ಕೂ ಮೊದಲಿನ ಅಪಘಾತಕ್ಕೆ ಹಳೆಯ ಕಾಯ್ದೆಯೇ.


ಇಳಕಲ್ ಹುಡುಗ

ಸರ್, ನೋಟಿಸ್ ಕಳಿಸಿದ ಮೇಲೆ ಮಾಲಕರೇ ಫೋನ್ ಮಾಡಿದರು. ಕೇಸ್ ಇನ್ನೂ ನಡೀತಿದೆ. ಹೊಂಗಲದ ಅಕ್ಕಾ, ನೀವು ಆ ಟಿಕೆಟ್‌ಗಳನ್ನು ಈಗಲೂ ಇಟ್ಟಿದ್ದೀರಾ? ನಮ್ಮ ವಕೀಲರು ಅಸಲು ಬೇಕು ಅಂತಾರೆ.


ಹೊಂಗಲದ ಅಕ್ಕ

ಇಟ್ಟಿದ್ದೇನೆ ತಮ್ಮಾ. ಕರದಂಟಿನ ಖಾಲಿ ಡಬ್ಬಿಯಲ್ಲಿ ಇವೆ. ನೀನು ಕೇಳಿದ್ದಕ್ಕೆ ತೆಗೆದು ನೋಡಿದೆ. ಒಂದರ ಮೇಲೂ ಅಕ್ಷರ ಉಳಿದಿಲ್ಲ, ಎಲ್ಲ ಬಿಳಿ ಚೀಟಿ. ಅಸಲಿಗೆ ಜೆರಾಕ್ಸ್ ಪಿನ್ ಮಾಡಿ ಕೊಡು, ಎರಡೂ ಜೊತೆಗಿರಲಿ.